ಕೊಕೊದ ಕುಲಗೋತ್ರ

ಈ ಪ್ರಸಂಗ ನಡೆದದ್ದು ರೋಣದಲ್ಲೋ ನರಗುಂದದಲ್ಲೋ, ನನಗೆ ಖಾತ್ರಿಯಿಲ್ಲ. ರೋಣವೆಂದು ನಾನು, ನರಗುಂದವೆಂದು ನನ್ನ ತಂಗಿ. ಅವಳು ತನ್ನ ನೆನಪಿನ ಮೇಲೆ ಆಣೆ ಹಾಕುತ್ತಾಳೆ. ನಾನು ವಿಶ್ವವಿದ್ಯಾಲಯದಲ್ಲಿ ತರ್ಕ ಓದಿ ಕೆಟ್ಟವನು, ನನ್ನ ನೆನಪನ್ನೇ ಕಟಕಟೆಗೆ ಹತ್ತಿಸುತ್ತೇನೆ. ಇಬ್ಬರೂ ಒಪ್ಪುವುದು ಒಂದೇ: ಸೋದರತ್ತೆ ಬಟ್ಟಲನ್ನು ತುಟಿಯವರೆಗೆ ಒಯ್ದು ಕೆಳಗಿಟ್ಟಳು.

ಐವತ್ತರ ದಶಕದ ಮಾತು. ಅತ್ತೆ ವಿಷಮಜ್ವರದಿಂದ ಎದ್ದಿದ್ದಳು. ಎದ್ದಿದ್ದಳೆಂದರೆ ಗೋಡೆ ಹಿಡಿದು. ಅನ್ನ ಸೇರುತ್ತಿರಲಿಲ್ಲ. ಗಜೇಂದ್ರಗಡದ ಡಾಕ್ಟರು, "ಹಾಲಿನಾಗ ಕೊಕೊ ಹಾಕಿ ಕೊಡ್ರಿ, ಕಸುವು ಬರ್ತದ" ಎಂದರು. ಹುಬ್ಬಳ್ಳಿಯಿಂದ ಡಬ್ಬಿ ತರಿಸಿದೆ. ಮೊದಲ ಗುಟುಕಿಗೆ, "ಸುಟ್ಟ ಅರಿವಿ ತೊಳೆದ ನೀರೇನೋ ತಮ್ಮಾ?" ಎಂದವಳು, ಕೆಲವೇ ದಿನಗಳಲ್ಲಿ ಸಂಜೆಯಾದರೆ ಒಲೆಯ ಕಡೆ ಕಿವಿಯಿಟ್ಟು ಕೂರತೊಡಗಿದಳು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ಇಂಥದ್ದು ಬೇಕೆಂದು ಎಂದೂ ಬಾಯಿ ಬಿಡದ ಹೆಂಗಸು. ಕೇಳಿ ಕುಡಿದ ಪದಾರ್ಥ ಅದೊಂದೇ.

ಅಷ್ಟರಲ್ಲಿ ಏಕಾದಶಿ ಬಂತು. ಎಷ್ಟು ಹೇಳಿದರೂ ಅತ್ತೆ ಉಪವಾಸ ಬಿಡಲೊಲ್ಲಳು. ಹಾಲು ನಡೆಯುತ್ತದೆ, ಕೊಕೊ? ಓಣಿಯ ಉಪವಾಸಗಳಿಗೆಲ್ಲ ತೀರ್ಪು ಕೊಡುತ್ತಿದ್ದ ಆಚಾರ್ಯರು ಬಂದು, ಡಬ್ಬಿ ಮೂಸಿ, ಮುಖ ಸಿಂಡರಿಸಿದರು.

"ಕಾಳಿನ ಪೈಕಿ ಇದ್ರ ನಡಿಯೂದಿಲ್ಲ. ತೆಂಗಿನ ಪೈಕಿ ಇದ್ರ ಫಳಾರಕ್ಕ ನಡೀತದ. ಏನ್ ಮಾಸ್ತರ, ಎಂ.ಎ. ಆಗೀಯಲ್ಲ, ಕೊಕೊ ಅಂದ್ರ ಏನು?"

"ತೆಂಗಿನ ಬಳಗ ಅಂತ ಹೇಳೋ" ಎಂದು ಅತ್ತೆ ಪಿಸುಗುಟ್ಟಿದಳಂತೆ. ತಂಗಿ ಕೇಳಿದ್ದಾಳೆ, ನಾನು ಕೇಳಿದ್ದೆನೋ ಇಲ್ಲವೋ ಈಗ ಹೇಳಲಾರೆ. ನನ್ನ ಕಿವಿಯಲ್ಲಿ ಆಗ ನನ್ನದೇ ಧ್ವನಿ ತುಂಬಿತ್ತು. ಕೊಕೊ ಎನ್ನುವುದು ಇಂಗ್ಲಿಷರು ಕೆಡಿಸಿದ ಹೆಸರು. ಸ್ಪೇನಿನವರ ಬಾಯಲ್ಲಿ ಅದು ಕಕಾವೊ. ಅವರಿಗೆ ಅದು ಸಿಕ್ಕಿದ್ದು ಮೆಕ್ಸಿಕೊದ ಮೂಲನಿವಾಸಿಗಳಿಂದ. ಅವರ 'ಕಕವತ್ಲ್' ಎಂದರೆ ಆ ಮರದ ಬೀಜ. ತೆಂಗಿಗೂ ಅದಕ್ಕೂ ಸಂಬಂಧವಿಲ್ಲ.

"ಸಾಕು" ಎಂದರು ಆಚಾರ್ಯರು. "ಬೀಜ ಅಂದಿ, ಅಂದ್ರ ಕಾಳಾತು."

"ಆ ಬೀಜ ಹಣ್ಣಿನೊಳಗ ಇರ್ತದರೀ ಆಚಾರ್ರ."

"ಕಡ್ಲಿ ಏನು ಗಾಳ್ಯಾಗ ಜೋತಾಡ್ತದೇನು?"

ಬಟ್ಟಲು ಕೆಳಗಿಳಿದದ್ದು ಆಗ. ಮರುದಿನ ಪಾರಣೆ ಮುಗಿದ ಮೇಲೆ ನಾನೇ ಕಾಸಿ ಒಯ್ದೆ. "ಬ್ಯಾಡ ತಮ್ಮಾ" ಎಂದಳು. "ಅದು ಎಲ್ಲೀದು, ಯಾರದು ಅಂತ ತಿಳೀದಿದ್ದಾಗ ಛಂದ ಇತ್ತು. ನಿನ್ನ ವಿದ್ಯಾ ಖರೇನ ಅದ, ಆದ್ರ ಗಂಟಲದಾಗ ಇಳಿಯೂದಿಲ್ಲ." ಮತ್ತೆ ಮುಟ್ಟಲಿಲ್ಲ. ಗೋಡೆ ಬಿಟ್ಟು ನಡೆಯಲು ಅವಳಿಗೆ ಮಳೆಗಾಲ ಮುಗಿಯಬೇಕಾಯಿತು. ಉಳಿದ ಡಬ್ಬಿಯನ್ನು ನಾನೇ ಕುಡಿದು ಮುಗಿಸಿದೆ. ಸತ್ಯ ಹೇಳಿದವನಿಗೆ ಸಿಗುವ ಬಹುಮಾನ ಸಾಮಾನ್ಯವಾಗಿ ಅಷ್ಟೇ, ಅದೂ ಕಹಿ.

ತೀರ್ಪು ಕೊಟ್ಟ ಆಚಾರ್ಯರು ಆ ಏಕಾದಶಿಯ ದಿನ ಫಳಾರಕ್ಕೆ ನಮ್ಮಲ್ಲೇ ಕೂತಿದ್ದರು. ಹುರಿದ ಶೇಂಗಾ, ಬೆಲ್ಲ. ಶೇಂಗಾ ಉಪವಾಸಕ್ಕೆ ಅಜ್ಜ ಮುತ್ತಜ್ಜರ ಕಾಲದಿಂದ ನಡೆದದ್ದು, ಯಾರೂ ಅದರ ಊರು ಕೇರಿ ಕೇಳಿದವರಲ್ಲ. ಕೇಳಬೇಕೆಂದು ನನಗಾದರೂ ಎಲ್ಲಿ ಹೊಳೆಯಿತು?

ವರ್ಷಗಳ ಮೇಲೆ, ನಾನು ಹೇಳಿದ್ದಾದರೂ ಸರಿಯಿತ್ತೋ ಎಂಬ ಗುಮಾನಿ ಹತ್ತಿ, ಧಾರವಾಡದಲ್ಲಿ ದೊಡ್ಡ ನಿಘಂಟು ತೆಗೆಸಿ ನೋಡಿದೆ. ಅತ್ತೆ ಆಗ ಇರಲಿಲ್ಲ. ಊರು ಯಾವುದು, ಯಾರು ಏನೆಂದರು ಎಂಬುದಕ್ಕೆ ನಾನು ಇಂದಿಗೂ ಜಾಮೀನು ನಿಲ್ಲಲಾರೆ. ಇದೊಂದು ಮಾತ್ರ ಪಕ್ಕಾ: ಮೆಕ್ಸಿಕೊದ ಆ ಜನರ ಭಾಷೆಯಲ್ಲಿ ಶೇಂಗಾದ ಹೆಸರು 'ನೆಲದ ಕೊಕೊ'.