ಕುನಾಫಾ ಅಂಗಡಿಗೆ ತೆರೆದ ಗೇಟು

ನಕ್ಷೆ ಮಾಡುವುದೇನು ಮಹಾ ಕೆಲಸ? ಹೈಸ್ಕೂಲಿನಲ್ಲಿ ಭೂಗೋಳಕ್ಕೆ ಕ್ಲಾಸಿಗೇ ಹೆಚ್ಚು ಅಂಕ ತೆಗೆದವನು ನಾನು!

ಗಲ್ಫಿನ ಅಲ್ ಖೋಬರಿನಲ್ಲಿ ನಮ್ಮ ಕಟ್ಟಡಕ್ಕೂ ಮಕ್ಕಳ ಶಾಲೆಗೂ ನಡುವೆ ದೊಡ್ಡದೊಂದು ಖಾಲಿ ಜಾಗವಿತ್ತು. ಹೆಂಗಸರು ಮಕ್ಕಳನ್ನು ಅದರ ನಡುವಿನಿಂದಲೇ ಐದು ನಿಮಿಷದಲ್ಲಿ ಶಾಲೆಗೆ ಮುಟ್ಟಿಸುತ್ತಿದ್ದರು. ಒಂದು ದಿನ ಜಾಗದ ಯಜಮಾನ ಅಬೂ ಫಹದ್ ಸುತ್ತ ಗೋಡೆ ಕಟ್ಟಲು ಹೊರಟ. ಆದರೂ ದೊಡ್ಡ ಮನುಷ್ಯ. ನಿಮ್ಮ ಕಡೆ ಒಂದು, ಆಚೆ ಜನ ಹೊರಬೀಳುವಲ್ಲಿ ಒಂದು ಗೇಟು ಬಿಡುತ್ತೇನೆ, ದಾರಿ ತೋರಿಸಿ ಎಂದ. ನಕ್ಷೆಯನ್ನೇ ಮಾಡಿಕೊಡುತ್ತೇನೆ ಎಂದೆ ನಾನು.

"ಕೈ ತೋರಿಸಿದರೆ ಆಯ್ತಲ್ಲ, ಅದಕ್ಕೆ ನಕ್ಷೆ ಎಂತಕ್ಕೆ?" ಎಂದಳು ಹೆಂಡತಿ ಜುಬೈದಾ.

"ಇದು ಹಕ್ಕಿನ ವಿಷಯ ಮಾರಾಯ್ತಿ. ದಾಖಲೆ ಬೇಕು."

ಆಗಷ್ಟೇ ಕೊಂಡ ಸ್ಮಾರ್ಟ್ ಫೋನಿನಲ್ಲಿ, ನಡೆದಲ್ಲೆಲ್ಲ ಗೆರೆ ಎಳೆಯುವ ಆ್ಯಪ್ ಇತ್ತು. ಏಳು ದಿನ ನಡೆದು ಗೆರೆ ದಪ್ಪ ಮಾಡುವುದೆಂದು ತೀರ್ಮಾನಿಸಿದೆ.

ಇನ್ನು ಮುಚ್ಚಿಟ್ಟು ಫಲವಿಲ್ಲ. ನನಗೆ ಶುಗರ್. ಮನೆಯಲ್ಲಿ ಹಾಗಲಕಾಯಿ. ಜಾಗದ ಎಡಬದಿಯಲ್ಲಿ ಸಿರಿಯಾದವನೊಬ್ಬನ ಕುನಾಫಾ ಅಂಗಡಿ. ಶಾವಿಗೆಯ ನಡುವೆ ಚೀಸ್ ಇಟ್ಟು, ತುಪ್ಪದಲ್ಲಿ ಕೆಂಪಗೆ ಮಾಡಿ, ಮೇಲೆ ಸಕ್ಕರೆ ಪಾಕ ಸುರಿಯುತ್ತಿದ್ದ! ಜಾಗದ ನಡುವೆ ಬಂದಾಗ ಆ ಪರಿಮಳ ತಗಲುತ್ತಿತ್ತು. ಕಾಲು ಎಡಕ್ಕೆ ತಿರುಗುತ್ತಿತ್ತು. ಎರಡು ತುಂಡು ತಿಂದು, ಬಾಯಿ ಒರೆಸಿಕೊಂಡು, ಬಂದ ದಾರಿಯಲ್ಲೇ ಮನೆಗೆ. ಏಳು ದಿನವೂ ಅಷ್ಟೆ. ಶಾಲೆಯವರೆಗೆ ಒಮ್ಮೆಯೂ ಹೋಗಲಿಲ್ಲ. ಫೋನು ಮಾತ್ರ ಪ್ರಾಮಾಣಿಕ.

ಪ್ರಿಂಟು ತೆಗೆದಾಗ ದಪ್ಪ ಕೆಂಪು ಗೆರೆ ಕಂಡು ಎದೆಯುಬ್ಬಿತು. ಅದು ಎಲ್ಲಿಗೆ ಹೋಗುತ್ತದೆಂದು ನೋಡಲಿಲ್ಲ. ಸುರುಳಿ ಸುತ್ತಿ, ರಿಬ್ಬನ್ ಕಟ್ಟಿ, ಅಬೂ ಫಹದನಿಗೆ ಸಮರ್ಪಿಸಿದೆ.

ಗೋಡೆ ಎದ್ದಿತು. ಮೊದಲ ದಿನ ಹೆಂಗಸರು, ಮಕ್ಕಳು, ಎಲ್ಲರಿಗಿಂತ ಮುಂದೆ ನಾನು! ಈಚೆ ಗೇಟು ದಾಟಿದೆವು. ಶಾಲೆಯ ಕಡೆ ಬರೀ ಗೋಡೆ. ಎಡಕ್ಕೆ ನೋಡಿದರೆ ಗೇಟು. ಅದರಾಚೆ ಸಿರಿಯಾದವನು ನಗುತ್ತಾ, ನನ್ನನ್ನು ನೋಡಿ ಎರಡು ಬೆರಳು ಎತ್ತಿದ.

ಜುಬೈದಾ ಆ ಬೆರಳುಗಳನ್ನು ನೋಡಿದಳು. ಆಮೇಲೆ ನನ್ನನ್ನು.

"ದಿನಕ್ಕೆ ಎರಡಾ?"

ನಾನು ಭೂಗೋಳದ ಪಂಡಿತನಂತೆ ಗೋಡೆಯ ದಿಕ್ಕು ನೋಡತೊಡಗಿದೆ. ಅಬೂ ಫಹದನ ಬಳಿ ಹೋಗಿ, ಹಕ್ಕಿನ ದಾರಿ ನಿಜವಾಗಿ ನನ್ನ ಬಾಯಿಚಪಲದ ದಾರಿ ಎಂದು ಹೇಳುವ ಧೈರ್ಯ ಬರಲಿಲ್ಲ. ಆ ತಪ್ಪು ಇಂದಿಗೂ ಚುಚ್ಚುತ್ತದೆ. ಮಕ್ಕಳು ವರ್ಷವಿಡೀ ಬಿಸಿಲಲ್ಲಿ ಹದಿನೈದು ನಿಮಿಷ ಸುತ್ತಿ ನಡೆದರು. ಪ್ರಾಯಶ್ಚಿತ್ತವಾಗಿ ಅವರ ಚೀಲಗಳನ್ನು ನಾನೇ ಹೊತ್ತೆ. ದಿನವೂ ಆ ಅಂಗಡಿಯ ಮುಂದೆಯೇ ಹೋಗಬೇಕು. ಅವನು ಬೆರಳು ಎತ್ತುತ್ತಿದ್ದ. ಹಿಂದೆ ಜುಬೈದಾ ಬರುತ್ತಿದ್ದಳು. ನಾನು ಆಕಾಶ ನೋಡುತ್ತಿದ್ದೆ.