ಚೊಕ್ಲಿಯ ಡೀಸೆಲ್, ಪಳ್ಳೂರಿನ ಡೀಸೆಲ್

ಗೆಳೆಯನ ಮನೆ ನಮ್ಮ ಮನೆಗಿಂತ ದೊಡ್ಡದಾಗಿದ್ದರೆ ಸಹಿಸಿಕೊಳ್ಳಬಹುದು. ಅವನ ಮಗ ಗಲ್ಫಿನಿಂದ ಹಣ ಕಳಿಸಿದರೆ ಸಹಿಸಿಕೊಳ್ಳಬಹುದು. ಅರವತ್ತು ದಾಟಿದರೂ ಅವನ ಕೂದಲು ಕಪ್ಪಗೇ ಇದ್ದರೆ ಅದನ್ನೂ ಸಹಿಸಿಕೊಳ್ಳಬಹುದು (ಬಣ್ಣ ಯಾವ ಅಂಗಡಿಯದೆಂದು ಭರತನ್‌ಗೆ ಗೊತ್ತಿತ್ತು). ಆದರೆ ಅವನ ಜೀಪು ಲೀಟರಿಗೆ ಮೂರು ಕಿಲೋಮೀಟರ್ ಹೆಚ್ಚು ಓಡಿದರೆ ಮನುಷ್ಯನಾದವನು ಹೇಗೆ ಸಹಿಸಬೇಕು?

ಭರತನ್ ಮತ್ತು ಮೊಯ್ದು ಒಂದೇ ಬಸ್ ಕಂಪನಿಯ ಡ್ರೈವರುಗಳು. ಒಂದೇ ವರ್ಷ ನಿವೃತ್ತರಾಗಿ, ಒಬ್ಬನೇ ದಲ್ಲಾಳಿಯ ಮಾತು ನಂಬಿ, ಅವಳಿಜವಳಿಯಂಥ ಎರಡು ಹಳೇ ಡೀಸೆಲ್ ಜೀಪು ಕೊಂಡರು. ಅಲ್ಲಿಗೆ ಸಾಮ್ಯ ಮುಗಿಯಿತು. ಮೊಯ್ದು ಡೀಸೆಲ್ ಹಾಕಿಸುತ್ತಿದ್ದುದು ಪಳ್ಳೂರಿನಲ್ಲಿ. ಅದು ಕೇಂದ್ರಾಡಳಿತದ ಮಾಹೆಗೆ ಸೇರಿದ ಊರು, ತೆರಿಗೆ ಕಡಿಮೆ, ಆದ್ದರಿಂದ ಕೇರಳದ ಬಂಡಿಗಳೆಲ್ಲ ಅಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಭರತನ್ ಮಾತ್ರ ಕೇರಳದ ಕಡೆಯ ಚೊಕ್ಲಿ ಪಂಪಿಗೆ ಪತಿವ್ರತೆಯಂತೆ ನಿಷ್ಠನಾಗಿದ್ದ. ಅಗ್ಗದ ಡೀಸೆಲ್ ಎಂದರೆ ಬಣ್ಣದ ನೀರು ಎಂಬುದು ಅವನ ಸಿದ್ಧಾಂತ. ಚಾತ್ತುವಿನ ಚಹಾದಂಗಡಿಯಲ್ಲಿ ಪ್ರತಿ ಸಂಜೆ ಈ ಸಿದ್ಧಾಂತದ ಮೇಲೆ ಘನಘೋರ ಚರ್ಚೆ ನಡೆಯುತ್ತಿತ್ತು. ಸೋತವನು ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಮತ್ತು ಪಳಂಪೊರಿ ಕೊಡಿಸಬೇಕೆಂಬ ಪಂಥವೂ ಇತ್ತು. ಬಾಳೆಹಣ್ಣಿನ ಆ ಬಜ್ಜಿಯ ಆಸೆಗೆ ಕೇಳುಗರು ಕಾದದ್ದೇ ಬಂತು, ಯಾರೂ ಸೋಲಲಿಲ್ಲ.

ಆದರೆ ಮೊಯ್ದುವಿನ ಜೀಪು ಹದಿನಾಲ್ಕು ಕೊಡುತ್ತಿತ್ತು. ಭರತನ್‌ನದು ಹನ್ನೊಂದಕ್ಕೇ ಏದುಸಿರು ಬಿಡುತ್ತಿತ್ತು.

ಅವನು ಸಂಶೋಧನೆಗೆ ಇಳಿದ. ಎರಡೂ ಪಂಪಿನ ಡೀಸೆಲನ್ನು ಬಾಟಲಿಗಳಲ್ಲಿ ತಂದು ಅಡುಗೆಮನೆಯ ಕಿಟಕಿಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿದ. ಬೆರಳ ನಡುವೆ ಉಜ್ಜಿದ. ಕಣ್ಣು ಮುಚ್ಚಿ ಮೂಸಿದ. ಹೆಂಡತಿ ರೋಹಿಣಿ ಮೀನು ತೊಳೆಯುತ್ತ ಇದನ್ನು ನೋಡುತ್ತಿದ್ದಳು.

"ಮದುವೆಯಾಗಿ ಇಷ್ಟು ವರ್ಷವಾಯ್ತು ಭರತೇಟ್ಟ. ನನ್ನ ಮೀನ್ ಸಾರನ್ನ ಒಂದಿನ ಹೀಗೆ ಮೂಸಿದ್ದುಂಟಾ?"

"ಅದರ ವಾಸನೆ ಮೂಸದೆಯೇ ಬರುತ್ತಲ್ಲ."

ಆ ದಿನ ಅವನಿಗೆ ಸಾರಿಲ್ಲದ ಅನ್ನ ಬಡಿಸಲಾಯಿತು.

ಕೊನೆಗೆ ಹೊಟ್ಟೆಕಿಚ್ಚು ಸಿದ್ಧಾಂತವನ್ನು ಗೆದ್ದಿತು. ಶುಕ್ರವಾರ ಮಧ್ಯಾಹ್ನ ಮೊಯ್ದು ನಮಾಜಿಗೆ ಹೋದ ಹೊತ್ತು ನೋಡಿ, ಭರತನ್ ತಲೆಗೆ ಟವೆಲು ಸುತ್ತಿ, ಹಿಂದಿನ ದಾರಿ ಹಿಡಿದು, ಕಳ್ಳನಂತೆ ಪಳ್ಳೂರಿಗೆ ಹೋಗಿ ಟ್ಯಾಂಕು ತುಂಬಿಸಿದ. ಮುಂದಿನ ಶುಕ್ರವಾರವೂ ಹೋದ. ಅದೇ ಅಭ್ಯಾಸವಾಯಿತು. ಜೀಪು ಹನ್ನೊಂದರಲ್ಲೇ ನಿಂತಿತು. ಮೊಯ್ದುವಿಗೆ ಅಲ್ಲಿ ಬೇರೆ ಡೀಸೆಲ್ ತೆಗೆದಿಡುತ್ತಾರೆಂದು ಅವನಿಗೆ ಖಚಿತವಾಯಿತು.

ಈ ನಡುವೆ ಒಂದು ಸಂಜೆ ಮೊಯ್ದು ಇದ್ದಕ್ಕಿದ್ದಂತೆ ಅಂಗಡಿಯಲ್ಲಿದ್ದವರಿಗೆಲ್ಲ ಚಹಾ, ಪಳಂಪೊರಿ ಕೊಡಿಸಿದ. ಯಾಕೆಂದು ಕೇಳಿದರೆ ಸುಮ್ಮನೆ ಎಂದ. ಗಲ್ಫಿನ ದುಡ್ಡಿನ ಕೊಬ್ಬು ಎಂದುಕೊಂಡ ಭರತನ್, ಅವನಿಗೆ ನಷ್ಟವಾಗಲೆಂದೇ ಎರಡು ತಿಂದ.

ಮಳೆಗಾಲ ಶುರುವಾಗುವ ಮೊದಲು ಮೊಯ್ದು ಎದೆನೋವೆಂದು ಮಲಗಿದವನು ಏಳಲಿಲ್ಲ. ಮಸೀದಿಯ ಅಂಗಳದಲ್ಲಿ ಜನ ಹಿಡಿಸಲಿಲ್ಲ. ಭರತನ್ ಗೋಡೆಗೆ ಒರಗಿ ಅಳುತ್ತಲೇ, ತಾನು ಸತ್ತರೆ ಇದರಲ್ಲಿ ಅರ್ಧ ಜನವಾದರೂ ಬಂದಾರೇ ಎಂದು ಲೆಕ್ಕ ಹಾಕಿದ. ಹಾಕಿ ಇನ್ನಷ್ಟು ಅತ್ತ.

ಆಮೇಲೆ ಅವನು ಪಳ್ಳೂರಿಗೆ ಹೋಗಲಿಲ್ಲ. ಕದ್ದು ಹೋಗಲು ಒಬ್ಬರಾದರೂ ಬೇಡವೇ? ಜೀಪನ್ನು ಚೊಕ್ಲಿಗೆ ಒಯ್ದ. ಪಂಪಿನಲ್ಲಿ ಡೀಸೆಲ್ ಹಾಕುವ ಪ್ರಸೀತ ಟ್ಯಾಂಕಿನ ಮುಚ್ಚಳ ತೆಗೆದು ಪೈಪು ಇಟ್ಟಳು.

"ಮೊಯ್ದುಕ್ಕ ಹೋದ ಮೇಲೆ ಶುಕ್ರವಾರ ಬಿಕೋ ಅನ್ಸುತ್ತೆ ಭರತೇಟ್ಟ."

"ಮೊಯ್ದು ಇಲ್ಲಿಗೆ ಬರ್ತಿದ್ನಾ?"

"ನಮಾಜು ಮುಗಿಸ್ಕೊಂಡು ಸೀದಾ ಇಲ್ಲಿಗೇ. ನಿಮಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಭರತ ಒಳ್ಳೇದು ಅಂದ್ರೆ ಒಳ್ಳೇದೇ ಇರುತ್ತೆ, ಅವನೆದುರು ಒಪ್ಪೋಕಾಗಲ್ಲ ಅಷ್ಟೇ, ಅಂತಿದ್ರು." ಪೈಪು ತೆಗೆದು ಮುಚ್ಚಳ ಹಾಕುತ್ತ ಕೇಳಿದಳು, "ನೀವ್ಯಾಕೆ ಬರೋದು ಬಿಟ್ಟಿದ್ರಿ?"

ಭರತನ್ ದುಡ್ಡು ಕೊಟ್ಟು ಮನೆಗೆ ಬಂದ. ತನ್ನ ಮಾತನ್ನು ತಾನೇ ನಂಬದ ಹೊತ್ತಿನಲ್ಲಿ ಅದನ್ನು ನಂಬಿದವನು ಊರಿಗೆಲ್ಲ ಒಬ್ಬನೇ, ಅವನೂ ಮೊಯ್ದು. ಆ ಹದಿನಾಲ್ಕು ಕಿಲೋಮೀಟರು ಚೊಕ್ಲಿಯದು (ಅದೇ ಡೀಸೆಲ್ ತನ್ನ ಜೀಪಿಗೆ ಹನ್ನೊಂದೇ ಕೊಟ್ಟಿದ್ದು ಅವನಿಗೆ ನೆನಪಾಗಲಿಲ್ಲ). ಅಂದರೆ ಇಷ್ಟು ದಿನವೂ ಗೆದ್ದವನು ಭರತನ್, ಗೆಲುವಿನ ಡೀಸೆಲ್ ಓಡಿದ್ದು ಮೊಯ್ದುವಿನ ಜೀಪಿನಲ್ಲಿ.

ರೋಹಿಣಿಗೆ ಹೇಳಿದರೆ ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು. ಅವಳಿಗೂ ಮೊಯ್ದುವಿನ ಹೆಂಡತಿ ಸೈನಬಳಿಗೂ ಮೊದಲಿನಿಂದ ಎಲ್ಲ ಗೊತ್ತಿತ್ತಂತೆ.

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಇಬ್ರೂ ಮನೇಲೇ ಕೂತ್ಕೋತಿದ್ರಿ. ವಾರಕ್ಕೊಂದಿನ ನಾವಿಬ್ರೂ ಫೋನಲ್ಲಿ ನೆಮ್ಮದಿಯಾಗಿ ಮಾತಾಡ್ತಿದ್ವಿ." ಸೊಪ್ಪಿನ ಕಟ್ಟು ಕೆಳಗಿಟ್ಟು ಮೆಲ್ಲಗೆ ಅಂದಳು, "ಹೋಗಿ ಚಹಾ ಕುಡಿದು ಬನ್ನಿ. ಅಂಗಡಿಗೆ ಕಾಲಿಡದೆ ಎಷ್ಟು ದಿನ ಆಯ್ತು."

ಚಾತ್ತುವಿನ ಅಂಗಡಿಯಲ್ಲಿ ಮೊಯ್ದುವಿನ ಬೆಂಚಿನ ಮೇಲೆ ಯಾರೋ ಆಟೊದವನು ಕೂತಿದ್ದ. ಎಲ್ಲಿಯ ಡೀಸೆಲ್ ಒಳ್ಳೆಯದೆಂದು ಅವನು ಏನೂ ಅರಿಯದೆ ಕೇಳಿದ. ಎಲ್ಲರೂ ಭರತನ್ ಕಡೆ ತಿರುಗಿದರು. ಭರತನ್ ಗಂಟಲು ಸರಿ ಮಾಡಿಕೊಂಡ. ಹರಿಶ್ಚಂದ್ರನ ವಂಶದವನಂತೆ ಬೆನ್ನು ನೆಟ್ಟಗೆ ಮಾಡಿ, ಜೀವನದ ಅತಿ ದೊಡ್ಡ ಸುಳ್ಳನ್ನು ಹೇಳಿದ.

"ಪಳ್ಳೂರಿನದು. ಮೊಯ್ದು ಹೇಳಿದ್ದೇ ಸರಿ. ನಾನು ಸೋತೆ."

ಇಂಥ ತ್ಯಾಗ ಮೊಯ್ದುವಿನಿಂದಲೂ ಆಗುತ್ತಿರಲಿಲ್ಲ ಎಂದು ಅವನ ಎದೆ ತುಂಬಿ ಬಂತು.

ಚಾತ್ತು ಚಹಾ ಎತ್ತಿ ಹೊಯ್ಯುತ್ತ ತಿರುಗಿ ನೋಡಲೂ ಇಲ್ಲ. "ಅವರೂ ಹೀಗೇ ಅಂದಿದ್ರು, ನನ್ನ ಕಿವೀಲಿ ಮಾತ್ರ. ಚೊಕ್ಲಿಯದೇ ಸರಿ, ನಾನು ಸೋತೆ ಅಂತ. ಅವತ್ತು ಎಲ್ರಿಗೂ ಪಳಂಪೊರಿ ಕೊಡಿಸಿದ್ದು ಯಾಕೆ ಅಂದ್ಕೊಂಡ್ರಿ? ನೀವು ಎರಡು ತಿಂದ್ರಿ."

ಸೋಲೊಪ್ಪಿಕೊಳ್ಳುವುದರಲ್ಲೂ ಮೊಯ್ದು ಅವನಿಗಿಂತ ಮೊದಲು ಹೋಗಿ ಬಂದಿದ್ದ. ಭರತನ್‌ಗೆ ಹಳೆಯ ಹೊಟ್ಟೆಕಿಚ್ಚು ಮತ್ತೆ ಚುರ್ರೆಂದಿತು. ಎಷ್ಟೋ ದಿನದ ಮೇಲೆ ಅವನಿಗೆ ಜೀವ ಬಂದಂತಾಯಿತು.

"ಎಲ್ಲರಿಗೂ ಚಹಾ, ಪಳಂಪೊರಿ ಕೊಡು ಚಾತ್ತು," ಎಂದ. "ಮೊಯ್ದು ಎಷ್ಟೆಷ್ಟು ಕೊಡಿಸಿದ್ದ?"

"ಒಂದೊಂದು."

"ಹಾಗಾದ್ರೆ ಎರಡೆರಡು ಕೊಡು."