ಮಾದೇವಿ ಹಾನಗಲ್ಲ

ಬೀಜದ ಕಂಪನಿಯ ಸವಣೂರು ಶಾಖೆಯನ್ನು ಹಾನಗಲ್ಲಿಗೆ ಸಾಗಿಸಬೇಕೆಂದು ಮಾಲೀಕ ಬಸವಣ್ಣೆಪ್ಪನಿಗೆ ಬೆಳಿಗ್ಗೆ ಬೆಳಿಗ್ಗೆಯೇ ಹೊಳೆದದ್ದು ಎಲ್ಲಕ್ಕೂ ಮೂಲ.

"ಹೂವಪ್ಪ, ಕಂಪ್ಯೂಟರಿನ್ಯಾಗ ಎಲ್ಲೆಲ್ಲಿ ಸವಣೂರ ಅಂತೈತಿ, ಅಲ್ಲೆಲ್ಲ ಹಾನಗಲ್ಲ ಮಾಡು. ಮಧ್ಯಾಹ್ನದೊಳಗ ಎಲ್ಲಾರಿಗೂ ಪತ್ರ ಮುಟ್ಟಬೇಕು."

ಎಂಬತ್ತೊಂಬತ್ತನೇ ಇಸವಿಯ ಹಿರೇಕೆರೂರಿಗೆ ಆ ಯಂತ್ರ ಹೊಸತು. ಸೆರಗು ಹೊದ್ದ ಹೊಸ ಸೊಸೆಯಂತೆ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿರುತ್ತಿತ್ತು. ಹುಬ್ಬಳ್ಳಿಯಲ್ಲಿ ಕಲಿತು ಬಂದ ಹೂವಪ್ಪ ಹಾನಗಲ್ಲನೊಬ್ಬನಿಗೇ ಅದನ್ನು ಮಾತಾಡಿಸುವ ಅಧಿಕಾರ. ಅವನು ನಿಜಕ್ಕೂ ಮಾತಾಡಿಸಲು ಹಂಬಲಿಸುತ್ತಿದ್ದುದು ಎದುರು ಮೇಜಿನ ಟೈಪಿಸ್ಟ್ ಮಾದೇವಿ ಸವಣೂರಳನ್ನು. ಅವಳ ಬಳೆ ಸದ್ದಾದರೆ ಇವನ ಬೆರಳು ನಿಲ್ಲುತ್ತಿತ್ತು. ಇವತ್ತು ಸಂಜೆ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದು, ಮದುವೆಯ ಮಾತು ಕೇಳಿಯೇಬಿಡುವುದೆಂದು ತಲೆ ಬಾಚುವಾಗ ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದ.

ಅಂಥ ದಿನ ಗಿರಾಕಿಗಳ, ನೌಕರರ ನೂರಾರು ಕಡತಗಳನ್ನು ಒಂದೊಂದಾಗಿ ತೆರೆದು ತಿದ್ದುವ ತಾಳ್ಮೆ ಯಾರಿಗಿರುತ್ತದೆ? ಅವನೊಂದು ಪುಟ್ಟ ಪ್ರೋಗ್ರಾಂ ಬರೆದ: ಪ್ರತಿ ಕಡತವನ್ನೂ ತೆರೆ, ಸವಣೂರ ಕಂಡಲ್ಲಿ ಅಳಿಸು, ಹಾನಗಲ್ಲ ಬರೆ, ಮುಚ್ಚು. ಯಂತ್ರ ಗುರುಗುಟ್ಟಿತು. ಇವನು ಚಹಾ ಕುಡಿದ. ಅಚ್ಚಾದ ಪತ್ರಗಳನ್ನು ಜವಾನ ಗುಡ್ಡಪ್ಪ ಊರೆಲ್ಲ ಹಂಚಿ ಬಂದ.

ಊರ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ ಸೀಮೆ ಇದು ಎಂಬುದು ಹೂವಪ್ಪನಿಗೆ ನೆನಪಾದದ್ದು, ಬೀಜದಂಗಡಿಯ ಮುದುಕಿ ದಾನವ್ವ ಸವಣೂರ ತನಗೆ ಬಂದ ಪತ್ರ ಹಿಡಿದು ಬಾಗಿಲಲ್ಲಿ ನಿಂತಾಗ.

"ಮಾಲಕ್ರ, ಈ ವಯಸ್ಸಿನ್ಯಾಗ ನನ್ನ ಯಾರ ಮನಿಗೆ ಕಳಸಾಕತ್ತೀರಿ? ದಾನವ್ವ ಹಾನಗಲ್ಲ ಅಂದ್ರ ಯಾರ್ರಿ?"

"ಇನ್ಯಾರಬೇ, ನಮ್ಮ ಹೂವಪ್ಪನ ಮನ್ಯಾಕಿ," ಎಂದ ಗುಡ್ಡಪ್ಪ. "ಸವಣೂರ ಅನ್ನೋ ಮಂದೀನೆಲ್ಲ ಇವತ್ತ ಮನಿ ತುಂಬಿಸ್ಕೊಂಡಾನ. ಅಡಗಿಗೆ ದೊಡ್ಡ ಹಂಡೇನ ಬೇಕಾಕ್ಕತಿ."

ಕಚೇರಿಯೆಲ್ಲ ನಕ್ಕಿತು. ಬಸವಣ್ಣೆಪ್ಪ ನಗಲಿಲ್ಲ. "ಸಂಜಿಯೊಳಗ ಎಲ್ಲಾರ ಅಡ್ಡಹೆಸರು ತಿರುಗಿ ಬರಬೇಕು. ಇಲ್ಲಾಂದ್ರ ನಾಳೆ ನೀ ಬರಬ್ಯಾಡ."

ಅದೇ ಪ್ರೋಗ್ರಾಂ ತಿರುವಿ ಓಡಿಸಿದರೆ ಹಾನಗಲ್ಲರೆಲ್ಲ, ತಾನೂ ಸೇರಿ, ಸವಣೂರರಾಗುತ್ತಿದ್ದರು. ಹೂವಪ್ಪ ಕಡತಗಳನ್ನು ಒಂದೊಂದೇ ತೆರೆದು ಕೈಯಿಂದ ತಿದ್ದತೊಡಗಿದ. ಬಿಸಿಲು ಇಳಿಯುವ ಹೊತ್ತಿಗೆ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಮೂಡಿತು: ಮಾದೇವಿ ಹಾನಗಲ್ಲ.

ಅವನ ಬೆರಳು ಏಳಲಿಲ್ಲ. ಅವಳೇ ಇವನ ಮನೆಯ ಪಡಸಾಲೆಯಲ್ಲಿ ಕಾಲು ನೀಡಿ ಕೂತಷ್ಟು ನಿರಾಳವಾಗಿ ಕೂತಿತ್ತು ಆ ಹೆಸರು.

"ಹೂವಪ್ಪಾರ." ಮಾದೇವಿ ತನ್ನ ಪತ್ರ ಹಿಡಿದು ಮಗ್ಗುಲಲ್ಲೇ ನಿಂತಿದ್ದಳು. ಮುಖ ರಂಗೇರಿತ್ತು. "ನಂದು ತಿದ್ದಬ್ಯಾಡ್ರಿ."

ಯಂತ್ರದ ಗುರುಗುಟ್ಟು ಅವನ ಎದೆಗಿಳಿಯಿತು. "ಬ್ಯಾಡ ಅಂದ್ರ?"

"ಹೆಂಗೂ ಆ ಹೆಸರ ಬರೂದೈತಿ. ನಿನ್ನೆ ಸಂಜಿಗಷ್ಟ ಮನ್ಯಾಗ ಮಾತು ಗಟ್ಟಿ ಆತು. ಅಕ್ಕಿಆಲೂರಿನ ರೈಸ್ ಮಿಲ್ಲಿನ ಕುಬೇರಪ್ಪ ಹಾನಗಲ್ಲ ಅಂತ." ಅವಳು ದನಿ ತಗ್ಗಿಸಿದಳು. "ಇನ್ನೂ ಯಾರಿಗೂ ಹೇಳಿಲ್ಲರಿ. ನಿಮಗ ಹೆಂಗ ಗೊತ್ತಾತು?"

"ನನಗ ಗೊತ್ತಿರಲಿಲ್ಲರಿ," ಎಂದ ಹೂವಪ್ಪ.

ಅವಳು ನಗುತ್ತ ಬಸ್ಸಿಗೆ ಹೊರಟಳು. ಒಳಕೋಣೆಯಿಂದ ಬಸವಣ್ಣೆಪ್ಪ ಕೂಗಿ ಕೇಳಿದ: "ಏನಪಾ, ಯಾರದರ ಉಳೀತೇನು?"

"ಒಬ್ರದ ಉಳದತ್ರಿ," ಎಂದು ಹೂವಪ್ಪ ಆ ಕಡತವನ್ನು ಹಾಗೇ ಮುಚ್ಚಿದ. "ಅದು ಸರಿ ಐತ್ರಿ."